ಅಡಚಣೆಗಾಗಿ ವಿಷಾದವಿಲ್ಲ

ನಮ್ಮ ಕಾಲದ ಅಜ್ಜಿಯರೆಲ್ಲ ಕಣ್ಣಿನ ಡಾಕ್ಟರುಗಳೇ. "ಟಿವಿಗೆ ಮೂತಿ ತಾಗಿಸಿಕೊಂಡು ಕೂತರೆ ಕಣ್ಣು ಹೋಗತ್ತೆ, ಹಿಂದೆ ಸರಿಯೋ!" ಎನ್ನುವುದು ತಪಾಸಣೆ, ಮಧ್ಯಾಹ್ನದ ಹೊನಗೊನ್ನೆ ಸೊಪ್ಪಿನ ಪಲ್ಯ ಔಷಧ. ಆ ಭಯ ಬುಡವಿಲ್ಲದ್ದೇನೂ ಅಲ್ಲ. 1967ರಲ್ಲಿ ಅಮೆರಿಕದ ಒಂದು ಕಂಪನಿಯ ಕಲರ್ ಟಿವಿಗಳು ಮಿತಿಮೀರಿ ಎಕ್ಸ್‌ರೇ ಸೂಸುತ್ತಿವೆಯೆಂದು ದೊಡ್ಡ ಗುಲ್ಲೆದ್ದಿತ್ತು. ನಮ್ಮ ಬಡಪಾಯಿ ಕಪ್ಪು-ಬಿಳುಪು ಪೆಟ್ಟಿಗೆಗೆ ಚಿತ್ರ ಸೂಸುವುದೇ ಕಷ್ಟವಾಗಿತ್ತು, ಆ ಮಾತು ಬೇರೆ.

ಓದಿದ ಡಾಕ್ಟರುಗಳು ಹೇಳುವುದು ಇನ್ನೊಂದು: ಹತ್ತಿರ ಕೂತದ್ದರಿಂದ ಕಣ್ಣು ಕೆಟ್ಟಿತು ಅನ್ನುವುದಕ್ಕಿಂತ, ದೂರದ್ದು ಕಾಣದ ಮಗುವೇ ಟಿವಿಯ ಹತ್ತಿರ ಸರಿಯುವುದು ಹೆಚ್ಚು. ಸಮೀಪದೃಷ್ಟಿಯೆಂದರೆ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆಯುವುದು. ಅದಕ್ಕೆ ಕಡಿವಾಣ ಹಾಕುವುದು ಬಯಲ ಬೆಳಕು. ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಈ ತೊಂದರೆ ಕಡಿಮೆಯೆಂದು 2008ರಲ್ಲಿ ಸಿಡ್ನಿಯ ಶಾಲಾಮಕ್ಕಳ ಅಧ್ಯಯನ ತೋರಿಸಿಕೊಟ್ಟಿತು.

ಹಾಗಾದರೆ ನಮ್ಮ ಕಣ್ಣು ಕಾಯ್ದವರು ಕರೆಂಟಿನವರು! 1987ರ 'ರಾಮಾಯಣ'ದಲ್ಲಿ ರಾವಣ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ನಾವು ಬೀದಿಗೆ ಬಿದ್ದು ಯುದ್ಧ ಮುಗಿಸುತ್ತಿದ್ದೆವು. ಕರೆಂಟಿದ್ದರೆ ಗಾಳಿಗೆ ಆಂಟೆನಾ ತಿರುಗುತ್ತಿತ್ತು. ಹೆಂಚಿನ ಮೇಲಿಂದ "ಬಂತಾ?" ಒಳಗಿಂದ "ಬಂತು... ಅಯ್ಯೋ, ಹೋಯ್ತು!" ಮೇಲೆ ಹತ್ತಿದವನಿಗಂತೂ ಬಯಲ ಬೆಳಕು ಧಾರಾಳ. ಎಲ್ಲ ಸರಿಯಿದ್ದಾಗ ದೂರದರ್ಶನವೇ 'ಅಡಚಣೆಗಾಗಿ ವಿಷಾದಿಸುತ್ತೇವೆ' ಎಂದು ಫಲಕ ಹಾಕಿ ಕೂರುತ್ತಿತ್ತು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2019ರಲ್ಲಿ. ನಮ್ಮೂರಲ್ಲಿ ಅದು ಆಗಲೇ ಜಾರಿಯಲ್ಲಿತ್ತು.

ಈಗಿನ ಟಿವಿಗೆ ಅಡಚಣೆಯೇ ಇಲ್ಲ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಸಾಲಿನಲ್ಲಿ ನಿಂತಿರುತ್ತದೆ. ಆದರೂ ಎಳೆಯರಿಗೆ ಅದರಿಂದ ದಕ್ಕುವುದು ಕಡಿಮೆಯೇ. ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಎದುರು ಕೂತು ಮಾತಾಡಿಸಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದ ಕಲಿತವು. ಅವರೇ, ಅದನ್ನೇ ಟಿವಿಯೊಳಗಿಂದ ಹೇಳಿದಾಗ ಏನೂ ಕಲಿಯಲಿಲ್ಲ.

ಅಜ್ಜಿಯ ಕತೆಗೆ ಹೂಂಗುಟ್ಟಲೇಬೇಕಿತ್ತು. ಇಲ್ಲದಿದ್ದರೆ ಕತೆ ಅಲ್ಲೇ ಠಿಕಾಣಿ. ಟಿವಿಗೆ ಯಾರ ಹೂಂಕಾರದ ಹಂಗೂ ಇಲ್ಲ.

ಮೊನ್ನೆ ಪಕ್ಕದ ಮನೆಯ ಪುಟ್ಟಿಗೆ ಕಾಗಕ್ಕ-ಗುಬ್ಬಕ್ಕನ ಕತೆ ಶುರುಮಾಡಿದೆ. ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕ ಬಾಗಿಲು ತಟ್ಟುವಲ್ಲಿಗೆ ನಿಲ್ಲಿಸಿ, ಹೂಂ ಬರಲೆಂದು ಕಾದೆ. ಪುಟ್ಟಿ ನನ್ನನ್ನೇ ನೋಡಿದಳು. ಎದ್ದು ಹೋದಳು. ರಿಮೋಟ್ ತಂದು, ನನ್ನ ಮುಖಕ್ಕೆ ಹಿಡಿದು, ಗುಂಡಿ ಒತ್ತಿದಳು.

ಕಾಗಕ್ಕನನ್ನು ಎಷ್ಟು ಹೊತ್ತು ಅಂತ ಮಳೆಯಲ್ಲಿ ನಿಲ್ಲಿಸುವುದು? ಕತೆ ಮುಂದುವರಿಸಿದೆ.