ದೊಡ್ಡಪ್ಪನ ಲಿವರ್‌ಗೆ ವಯಸ್ಸೆಷ್ಟು?

ನಮ್ಮ ಮಳವಳ್ಳಿ ಕಡೆ ಕ್ಯಾನ್ಸರ್‌ಗೆ ಒಂದು ಸುಲಭದ ಲೆಕ್ಕ ಇದೆ. ರೋಗಿಗೆ 70 ದಾಟಿದ್ರೆ ‘ಬುಡಿ, ಹಣ್ಣಾದ ಜೀವ, ಯಾಕೆ ನೋಯಿಸ್ತೀರ’ ಅಂತಾರೆ. 40ರ ಒಳಗಿದ್ರೆ ನಾಲೆ ಕೆಳಗಿನ ಗದ್ದೆ ಮಾರಿಯಾದ್ರೂ ಕೊನೇತನಕ ನೋಡ್ಬೇಕು. ಎರಡೂ ಪ್ರೀತಿಯಿಂದಲೇ ಬರೋ ಮಾತು. ಆದರೆ ಒಂದೇ ವರ್ಷದಲ್ಲಿ ನಮ್ಮ ನೆಂಟರಿಷ್ಟರಲ್ಲೇ ಇಬ್ಬರಿಗೆ ಲಿವರ್ ಕ್ಯಾನ್ಸರ್ ಬಂದು, ಈ ಲೆಕ್ಕ ಎರಡು ಕಡೆಯೂ ತಪ್ಪಾಯ್ತು.

ಮೊದಲನೆಯವರು ದೊಡ್ಡಪ್ಪ, 74. ಗ್ಯಾಸ್ಟ್ರಿಕ್ ಇರಬೇಕು ಅಂತ ಮಂಡ್ಯದಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದಾಗ ಎರಡೂವರೆ ಸೆಂಟಿಮೀಟರ್ ಗಡ್ಡೆ ಕಾಣಿಸ್ತು. ಜಗಲಿ ಮೇಲೆ ನೆಂಟರೆಲ್ಲ ಸೇರಿ ‘ಬೆಂಗಳೂರು ಬ್ಯಾಡ’ ಅಂತ ತೀರ್ಮಾನ ಮಾಡಿದ್ರು. (ನಮ್ಮೂರಲ್ಲಿ ಕಿದ್ವಾಯಿ ಅನ್ನೋದನ್ನ ಆಸ್ಪತ್ರೆಯ ಹೆಸರಿನ ಹಾಗಲ್ಲ, ರೋಗದ ಹೆಸರಿನ ಹಾಗೆ ಮೆಲ್ಲಗೆ ಹೇಳ್ತಾರೆ.) ಬಾಗಿಲ ಹತ್ರ ಕೂತಿದ್ದ ದೊಡ್ಡಪ್ಪ, ‘ಅಲ್ಲ ಕನ್ಲಾ ಮಗಾ, ಗಡ್ಡೆ ಇರೋದು ನನ್ ಹೊಟ್ಟೇಲಿ. ನನ್ನ ಯಾರೂ ಕೇಳ್ನೇ ಇಲ್ವಲ್ಲ?’ ಅಂದ್ರು.

ಬೆಂಗಳೂರಿನ ಡಾಕ್ಟರ್ ಕೇಳಿದ್ದು ಬೇರೆಯೇ. ಸ್ನಾನ ತಾವೇ ಮಾಡ್ಕೋತಾರಾ? ಗದ್ದೆ ತನಕ ನಡೀತಾರಾ? ಲಿವರ್ ಎಷ್ಟರಮಟ್ಟಿಗೆ ಕೆಲಸ ಮಾಡ್ತಿದೆ ಅಂತ ಅಳೆಯೋಕೆ ಚೈಲ್ಡ್-ಪ್ಯೂ ಅನ್ನೋ ಸ್ಕೋರ್ ಇದೆ: ಬಿಲಿರುಬಿನ್, ಅಲ್ಬುಮಿನ್, ರಕ್ತ ಹೆಪ್ಪುಗಟ್ಟೋ ಸಮಯ, ಹೊಟ್ಟೆಯಲ್ಲಿ ತುಂಬೋ ನೀರು, ಬುದ್ಧಿಗೆ ಕವಿಯೋ ಮಂಕು. ಐದೇ ಇನ್‌ಪುಟ್. ಕೋಡ್ ಬರೆಯೋನ ಚಟ, ಎರಡು ಸಲ ಎಣಿಸಿದೆ. ವಯಸ್ಸು ಅನ್ನೋ ಪ್ಯಾರಾಮೀಟರೇ ಇಲ್ಲ.

ಹಾಗಂತ ವಯಸ್ಸು ಲೆಕ್ಕಕ್ಕೇ ಇಲ್ಲ ಅಂತಲ್ಲ. ಹೃದಯ, ಕಿಡ್ನಿ, ಶುಗರ್ ಎಲ್ಲ ನೋಡ್ತಾರೆ; ಲಿವರ್ ಕಸಿ ಅಂದ್ರೆ 70 ದಾಟಿದವರಿಗೆ ಹಿಂಜರೀತಾರೆ. ಆದರೆ 3 ಸೆಂಟಿಮೀಟರ್ ಒಳಗಿನ ಗಡ್ಡೆಗೆ ಹೊಟ್ಟೆ ಕೊಯ್ಯಲೇಬೇಕು ಅಂತೇನಿಲ್ಲ. ಚರ್ಮದ ಮೂಲಕ ಸೂಜಿ ಇಳಿಸಿ, ಗಡ್ಡೆಯನ್ನ ಬಿಸಿಯಲ್ಲೇ ಸುಡಬಹುದು. ‘ತಿಂಗಳುಗಟ್ಲೆ ಮಲಗೋದಾದ್ರೆ ಬ್ಯಾಡ, ಸೂಜಿಯಾದ್ರೆ ಆಗ್ಲಿ’ ಅಂದ್ರು ದೊಡ್ಡಪ್ಪ. ಮೂರನೇ ದಿನ ಊರಲ್ಲಿದ್ರು.

ಎರಡನೆಯವನು ಮದ್ದೂರಿನ ಸೋದರಮಾವನ ಮಗ, 38. ಕುಡಿತ ಇಲ್ಲ, ಬೀಡಿ ಇಲ್ಲ. ಇದ್ದದ್ದು ಹೆಪಟೈಟಿಸ್ ಬಿ, ಬಹುಶಃ ಹುಟ್ಟುವಾಗಲೇ ತಾಯಿಯಿಂದ ಬಂದದ್ದು. ಈಗ ಮಗು ಹುಟ್ಟಿದ 24 ಗಂಟೆಯೊಳಗೆ ಇದಕ್ಕೆ ಲಸಿಕೆ ಹಾಕ್ತಾರೆ, ಅವನು ಹುಟ್ಟಿದ ಕಾಲಕ್ಕೆ ಅದೆಲ್ಲಿತ್ತು? ಈ ವೈರಸ್ ದಶಕಗಟ್ಟಲೆ ಸದ್ದಿಲ್ಲದೆ ಕೂತು, ಕೆಲವರಿಗೆ ಸಿರೋಸಿಸ್ ಆಗೋ ಮೊದಲೇ ಕ್ಯಾನ್ಸರ್ ತರುತ್ತೆ. ಗಟ್ಟಿಮುಟ್ಟಾದ ಹುಡುಗನಿಗೆ ಸ್ಕ್ಯಾನಿಂಗ್ ಮಾಡಿಸೋರು ಯಾರು? ಗೊತ್ತಾಗೋ ಹೊತ್ತಿಗೆ ಗಡ್ಡೆ ಲಿವರ್‌ನ ದೊಡ್ಡ ರಕ್ತನಾಳಕ್ಕೇ ನುಗ್ಗಿತ್ತು. ಆ ಹಂತದಲ್ಲಿ ಕಸಿ ಮಾಡಿದ್ರೂ ರೋಗ ಮರಳೋದೇ ಹೆಚ್ಚು, ಅದಕ್ಕೇ ಸಾಮಾನ್ಯವಾಗಿ ಮಾಡಲ್ಲ. ಉಳಿದದ್ದು ಮಾತ್ರೆ, ನೋವು ತಗ್ಗಿಸೋ ಆರೈಕೆ. ಮಾವ ಕೇಳಲಿಲ್ಲ. ಗದ್ದೆಗೆ ಗಿರಾಕಿ ಹುಡುಕಿದ್ರು. ‘ಅವನಿಗಿನ್ನೂ ವಯಸ್ಸಿದೆಯಲ್ಲಪ್ಪಾ’ ಅನ್ನೋದೊಂದೇ ಅವರ ಮಾತು. ಅದಕ್ಕೆ ಏನಂತ ಉತ್ತರ ಕೊಡೋದು?

ಒಂದು ರಾತ್ರಿ ಅವನೇ ಫೋನ್ ಮಾಡಿ, ‘ಬಾವ, ಸುಳ್ ಹೇಳ್ಬ್ಯಾಡ’ ಅಂದ. ಇದ್ದದ್ದನ್ನ ಇದ್ದಂಗೆ ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರೆ ಗದ್ದೆ ಮಗಳಿಗಿರ್ಲಿ. ಅಪ್ಪನಿಗೆ ನೀನೇ ಹೇಳು’ ಅಂದ. ಮಾವ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಗದ್ದೆ ಉಳೀತು. ಅವನು ಐದು ತಿಂಗಳಿದ್ದ, ಹೆಚ್ಚಿನ ದಿನ ಮನೆಯಲ್ಲೇ.

ಆಮೇಲೆ ಅವನ ತಮ್ಮನಿಗೂ ರಕ್ತಪರೀಕ್ಷೆ ಮಾಡಿಸಿದ್ವಿ. ಹೆಪಟೈಟಿಸ್ ಬಿ ಇದೆ. ಅವನಿಗೀಗ 31, ಹೆಂಡತಿಗೆ ಲಸಿಕೆ ಹಾಕಿಸಿದ್ದಾಯ್ತು. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್‌ಗೆ ಅಂತ ದೊಡ್ಡಪ್ಪನ ಜೊತೆಯಲ್ಲೇ ಬೆಂಗಳೂರಿಗೆ ಬರ್ತಾನೆ. ಕೌಂಟರ್‌ನಲ್ಲಿರೋ ಹುಡುಗಿ ‘ಪೇಷೆಂಟ್ ತಾತ ತಾನೆ?’ ಅಂತ ಕೇಳಿದ್ರೆ ದೊಡ್ಡಪ್ಪ, ‘ಇಬ್ರೂವೆ ಕಣವ್ವ’ ಅಂತಾರೆ.