ಹಲ್ಲುಜ್ಜುವ ಬ್ರಷ್ಷಿನ ಫೋಟೊ

ಸ್ವೀಡನ್ನಿನ ಆನಾ ರೋಸ್ಲಿಂಗ್ ರೋನ್‌ಲುಂಡ್ ಅವರ 'ಡಾಲರ್ ಸ್ಟ್ರೀಟ್' ಜಾಲತಾಣ ನೋಡಿದ್ದೀರಾ? ಹತ್ತಾರು ದೇಶಗಳ ನೂರಾರು ಮನೆಗಳ ಒಲೆ, ಹಾಸಿಗೆ, ಕಕ್ಕಸು, ಹಲ್ಲುಜ್ಜುವ ಬ್ರಷ್ಷು ಎಲ್ಲದರ ಫೋಟೊಗಳು ಅಲ್ಲಿವೆ. ಜೋಡಿಸಿರುವುದು ಮಾತ್ರ ತಿಂಗಳ ಆದಾಯದ ಪ್ರಕಾರ. ತೀರಾ ಬಡವರ ತುದಿಯಲ್ಲಿ ಬ್ರಷ್ಷಿನ ಜಾಗದಲ್ಲಿ ಬರಿ ಬೆರಳು, ಇಲ್ಲವೇ ಕಡ್ಡಿ. ಸ್ವಲ್ಪ ಮುಂದೆ ಹೋದರೆ ಇಡೀ ಮನೆಗೆ ಒಂದೇ ಪ್ಲಾಸ್ಟಿಕ್ ಬ್ರಷ್ಷು. ದೇಶ ಯಾವುದೆಂದು ಹೇಳುವುದು ಕಷ್ಟ, ಕೈಯಲ್ಲಿ ಕಾಸೆಷ್ಟು ಎಂದು ಊಹಿಸುವುದು ಸುಲಭ. "ಆಫ್ರಿಕಾದವರು ಹೀಗೆ, ಚೀನಾದವರು ಹಾಗೆ" ಎಂದು ಸಲೀಸಾಗಿ ಮಾತಾಡಿಬಿಡುವ ನಮಗೆ ಇದು ಬೇಕೇ ಬೇಕಿತ್ತು.

ಇದಕ್ಕೂ ಮೊದಲು ಛಾಯಾಗ್ರಾಹಕ ಪೀಟರ್ ಮೆನ್ಜೆಲ್ 1994ರ 'ಮೆಟೀರಿಯಲ್ ವರ್ಲ್ಡ್' ಪುಸ್ತಕದಲ್ಲಿ 30 ದೇಶಗಳ ಕುಟುಂಬಗಳನ್ನು ಸಾಮಾನು ಸರಂಜಾಮಿನ ಸಮೇತ ಮನೆಯೆದುರು ತೋರಿಸಿದ್ದರು. ಅದೂ ನನಗೆ ಬಹಳ ಇಷ್ಟ. ಆದರೆ ಅಲ್ಲಿ ದೇಶಕ್ಕೊಂದೇ ಮನೆ. ಡಾಲರ್ ಸ್ಟ್ರೀಟ್‌ನಲ್ಲಿ ಹಾಗಲ್ಲ, ಒಂದೇ ದೇಶದ ಹಲವು ಮನೆಗಳೂ ಸಿಗುತ್ತವೆ. ಅಲ್ಲಿ ಭಾರತದ ಮನೆಗಳನ್ನಷ್ಟೇ ಆರಿಸಿಕೊಂಡು, ಒಲೆಗಳನ್ನು ಒಂದೊಂದಾಗಿ ನೋಡಿ.