ನೀರು ಎತ್ತಿದ ಸೇತುವೆ

ಲಾರಿಯ ಚಕ್ರ ಬದಲಿಸುವ ಕ್ಲೀನರನನ್ನು ಯಾರು ನೋಡಿಲ್ಲ? ಗೇಣುದ್ದದ ಜಾಕನ್ನು ಅಚ್ಚಿನ ಕೆಳಗಿರಿಸಿ ಅವನು ಹಿಡಿಯನ್ನು ಒತ್ತುತ್ತಾನೆ. ಸರಕು ತುಂಬಿದ ಲಾರಿ ಮೆಲ್ಲಮೆಲ್ಲನೆ ಮೇಲೇಳುತ್ತದೆ. ಜಾಕಿನ ಒಳಗಿರುವುದು ತುಸು ಎಣ್ಣೆ, ಅಷ್ಟೆ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದೆಂದು ಪ್ಯಾಸ್ಕಲನು ತೋರಿಸಿಕೊಟ್ಟನು. ಕಿರಿಯ ಪಿಸ್ಟನ್ನಿಗಿಂತ ನೂರು ಪಾಲು ವಿಸ್ತಾರವಾದ ಹಿರಿಯ ಪಿಸ್ಟನ್ನು ನೂರು ಪಾಲು ಭಾರವನ್ನು ಹೊರಬಲ್ಲದು. ಆದರೆ ಕಿರಿಯದು ನೂರು ಅಂಗುಲ ಇಳಿದರೆ ಹಿರಿಯದು ಏರುವುದು ಒಂದೇ ಅಂಗುಲ! ಪ್ರಕೃತಿಯ ಲೆಕ್ಕದಲ್ಲಿ ಪುಕ್ಕಟೆಯೆಂಬುದಿಲ್ಲ. ಈ ತತ್ತ್ವವನ್ನು ಬಳಸಿದ ಯಂತ್ರಕ್ಕೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದನು.

ಅಂಥ ಯಂತ್ರಕ್ಕೆ ಕಠಿಣ ಪರೀಕ್ಷೆ ಒದಗಿದ್ದು 1849ರಲ್ಲಿ, ವೇಲ್ಸ್ ದೇಶದ ಮೆನಾಯ್ ಜಲಸಂಧಿಯಲ್ಲಿ. ಅಲ್ಲಿ ರಾಬರ್ಟ್ ಸ್ಟೀಫನ್‌ಸನ್ ಬ್ರಿಟಾನಿಯಾ ಸೇತುವೆಯನ್ನು ಕಟ್ಟಿಸುತ್ತಿದ್ದನು. ರೈಲು ಒಳಗೇ ಓಡುವಂಥ ಕಬ್ಬಿಣದ ಕೊಳವೆ. ತೂಕ 1500 ಟನ್ನಿಗೂ ಮಿಗಿಲು. ನೀರಿನ ಮೇಲೆ ತೇಲಿಸಿ ತಂದ ಅದನ್ನು, ಗೋಪುರಗಳ ಮೇಲಿದ್ದ ಜಲಯಂತ್ರಗಳು ಸರಪಣಿಗಳಿಂದ ಸುಮಾರು ನೂರು ಅಡಿ ಎತ್ತಬೇಕಾಗಿತ್ತು. ಕೊಳವೆ ಏರಿದಷ್ಟೂ ಅದರ ತುದಿಗಳ ಕೆಳಗೆ ಆಸರೆಯನ್ನು ತುಂಬುತ್ತಲೇ ಬರಬೇಕೆಂದು ಸ್ಟೀಫನ್‌ಸನ್ ಹಟ ಹಿಡಿದನು. ಕೆಲಸ ನಿಧಾನವಾಯಿತು, ಅವನು ಸಡಿಲಿಸಲಿಲ್ಲ.

ಆಗಸ್ಟ್ 17ರಂದು ಒಂದು ಯಂತ್ರದ ತಳ ಒಡೆದು ಸಿಡಿಯಿತು. ಕೆಳಗುರುಳಿದ ಕಬ್ಬಿಣದ ತುಂಡು ತಗುಲಿ ಕೆಲಸಗಾರನೊಬ್ಬ ಪ್ರಾಣ ಬಿಟ್ಟನು. ಕೊಳವೆಯ ತುದಿ ಮಾತ್ರ ಒಂದಡಿಗಿಂತಲೂ ಕಡಿಮೆ ಕುಸಿದು, ಕೆಳಗಿದ್ದ ಆಸರೆಯ ಮೇಲೆ ನಿಂತಿತು. ಆ ಆಸರೆಯಿಲ್ಲದಿದ್ದರೆ ಅದು ಸಮುದ್ರದ ಪಾಲಾಗುತ್ತಿತ್ತು. ಒಡೆದ ಭಾಗದ ಬದಲಿಗೆ ಹೊಸದನ್ನು ಎರಕ ಹೊಯ್ದರು. ಎತ್ತುವ ಕೆಲಸ ಮುಂದುವರಿಯಿತು. 1850ರ ಮಾರ್ಚಿನಲ್ಲಿ ಆ ಸೇತುವೆಯೊಳಗೆ ರೈಲು ಓಡಿತು.